ಹೊಂದಿಕೊಂಡು ಹೋಗು ಎನ್ನುವ ತವರು

ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು, ಕೇಸರಿಬಾತಿನ ಜೊತೆ ತಪ್ಪದೆ ಬಡಿಸುವ ಮಾತೊಂದಿದೆ: "ನಮ್ಮ ಹುಡುಗಿ ಕಷ್ಟ ಸುಖ ನೋಡಿ ಬೆಳೆದವಳು. ಎಲ್ಲಿ ಹೋದರೂ ಹೊಂದಿಕೊಂಡು ಹೋಗ್ತಾಳೆ." ಧಾರವಾಡದ ಪಡಸಾಲೆಯಲ್ಲೂ ಇದೇ ಮಾತು, ಮುಂಬಯಿಯಲ್ಲಿ ನಡೆಯುವ ವಧೂವರರ ಸಮಾವೇಶದಲ್ಲೂ ಇದೇ ಮಾತು. ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ ಎಂದು ಅಂಗಡಿಯವನು ಸೀರೆಯ ಬಾಳಿಕೆಗೆ ಕೊಡುವ ಭರವಸೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹುಡುಗಿ ಹುಟ್ಟಿ ಬೆಳೆದ ಮನೆ ಅವಳಿಗೆ ಸಹನೆ ಕಲಿಸಿದೆ, ಮುಂದೆ ಏನೇ ಬಂದರೂ ಅವಳು ತಡೆದುಕೊಳ್ಳುತ್ತಾಳೆ ಎಂಬುದು ಇದರ ಅರ್ಥ.

ಮದುವೆಯಾಗಿ ಎರಡು ವರ್ಷಕ್ಕೆ ಅದೇ ಹುಡುಗಿ ರಾತ್ರಿ ಫೋನು ಮಾಡಿ ಅತ್ತರೆ, ಅಂದು ಹೊಗಳಿಕೆಯಾಗಿದ್ದ ಮಾತು ಈಗ ಅಪ್ಪಣೆಯಾಗಿ ಬರುತ್ತದೆ. ಹುಬ್ಬಳ್ಳಿಯ ಕಡೆ "ಹೊಂದಿಕೊಂಡು ಹೋಗವ್ವಾ, ಹೆಣ್ಣಿನ ಜನ್ಮ ಅಂದ್ರ ಹಿಂಗ." ಮೈಸೂರಿನ ಕಡೆ "ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ." ಬೆಂಗಳೂರಿನಲ್ಲಿ "ಅಡ್ಜಸ್ಟ್ ಮಾಡ್ಕೋ." ಹೇಳುವವರು ಕೆಟ್ಟವರಲ್ಲ. ಮಗಳ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ತಾವು ಅವಳನ್ನು ಗಟ್ಟಿ ಮಾಡುತ್ತಿದ್ದೇವೆ ಎಂದೇ ಅವರು ನಂಬಿದ್ದಾರೆ.

ಆ ನಂಬಿಕೆ ತಪ್ಪು. ಬಾಲ್ಯದ ಮನೆ ಬದುಕಿನ ಪೆಟ್ಟುಗಳನ್ನು ಎದುರಿಸುವ ಗಟ್ಟಿತನವನ್ನು ಕಲಿಸುತ್ತದೆ, ಅದು ನಿಜ. ಆದರೆ "ತಡೆದುಕೋ" ಎಂದು ಹೇಳಿ ಕಲಿಸುವುದಿಲ್ಲ. "ಬಾ" ಎಂದು ಹೇಳಿ ಕಲಿಸುತ್ತದೆ. ಸೋತು ಬಂದವರಿಗೆ ತೆರೆಯದ ಮನೆ ಗಟ್ಟಿತನದ ಪಾಠಶಾಲೆ ಎಂದು ಕರೆಸಿಕೊಳ್ಳಲು ಯೋಗ್ಯವಲ್ಲ.

*

ಬುದ್ಧಿಮಾತಿನ ಕ್ರಿಯಾಪದಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಬೇಕು. ಹೊಂದಿಕೊ, ಅನುಸರಿಸಿಕೊ, ಸಹಿಸಿಕೊ, ಸಂಭಾಳಿಸಿಕೊ, ಅಡ್ಜಸ್ಟ್ ಮಾಡಿಕೊ. ಎಲ್ಲಕ್ಕೂ ಒಂದೇ ಬಾಲ: ಕೊಳ್ಳು. "ಹೊಡೆದ" ಎಂದರೆ ಪೆಟ್ಟು ಇನ್ನೊಬ್ಬರಿಗೆ, "ಹೊಡೆದುಕೊಂಡ" ಎಂದರೆ ತನಗೇ. ಈ ಬಾಲ ಅಂಟಿದರೆ ಕ್ರಿಯೆ ಮಾಡಿದವರ ಕಡೆಗೇ ತಿರುಗುತ್ತದೆ. ಹೊಂದಿಕೊ ಎಂದಾಗ ಮಾಡಬೇಕಾದದ್ದೆಲ್ಲ ಅವಳ ಪಾಲಿಗೆ ಬಂತು. ಯಾರಿಗೆ ಹೊಂದಿಕೊಳ್ಳಬೇಕು, ಅವರು ಏನು ಮಾಡುತ್ತಿದ್ದಾರೆ, ಅವರೂ ಒಂದಿಷ್ಟು ಹೊಂದಿಕೊಳ್ಳಬಾರದೆ ಎಂಬ ಪ್ರಶ್ನೆಗಳು ವಾಕ್ಯದ ಹೊರಗೇ ಉಳಿದವು.

"ಚೇತರಿಸಿಕೊ" ಎಂಬುದಕ್ಕೂ ಇದೇ ಬಾಲ. ಹಾಗಾಗಿ ಚೇತರಿಕೆ ಎಂದರೆ ಬಿದ್ದವರು ತಾವೇ ಒಂಟಿಯಾಗಿ ಮಾಡಬೇಕಾದ ಕೆಲಸ ಎಂಬ ಭಾವನೆ ಹುಟ್ಟುತ್ತದೆ. ಜ್ವರದಿಂದ ಚೇತರಿಸಿಕೊಳ್ಳುವವರಿಗೂ ಒಂದು ಹಾಸಿಗೆ ಬೇಕು, ಯಾರೋ ಕಾಯಿಸಿದ ಗಂಜಿ ಬೇಕು. ಅಷ್ಟೂ ಇಲ್ಲದವರಿಗೆ "ಚೇತರಿಸಿಕೊ" ಎನ್ನುವುದು ಬರೀ ಬಾಯಿಮಾತು.

ಕನ್ನಡದಲ್ಲಿ ಬಾಲ್ಯದ ಮನೆಗೆ ಒಂದು ಚಂದದ ಹೆಸರಿದೆ: ತವರು. ವಿಚಿತ್ರವೆಂದರೆ ಅದು ಹೆಣ್ಣಿಗೆ ಮಾತ್ರ ಇರುವ ಮನೆ. ಗಂಡಿಗೆ ಊರಿದೆ, ಮನೆಯಿದೆ, ಮಾವನ ಮನೆಯಿದೆ, ತವರಿಲ್ಲ. ಬಿಟ್ಟು ಹೋದ ಮೇಲಷ್ಟೇ ಮನೆ ತವರಾಗುತ್ತದೆ, ಗಂಡು ಬಿಟ್ಟು ಹೋಗುವವನಲ್ಲ ಎಂಬ ಲೆಕ್ಕ. ಮೂವತ್ತು ವರ್ಷದಿಂದ ಚೆನ್ನೈಯಲ್ಲಿ ಸಂಸಾರ ಹೂಡಿದ ಅಣ್ಣನಿಗೆ ಊರಿನ ಮನೆ ಇನ್ನೂ "ನಮ್ಮ ಮನೆ". ಪಕ್ಕದ ಬೀದಿಗೆ ಮದುವೆಯಾಗಿ ಹೋದ ತಂಗಿಗೆ ಅದು ಮಾರನೆಯ ದಿನದಿಂದಲೇ "ತವರುಮನೆ".

ಈ ಪದವನ್ನು ಕನ್ನಡದವರು ಯಾರಿಗೆ ಬೇಕಾದರೂ ಧಾರಾಳವಾಗಿ ಕೊಡುತ್ತಾರೆ. ಕಾಫಿಯ ತವರು ಚಿಕ್ಕಮಗಳೂರು. ಶಿಲ್ಪಕಲೆಯ ತವರು ಬೇಲೂರು, ಹಳೇಬೀಡು. ಪತ್ರಿಕೆ ತೆರೆದರೆ ಕಲೆಗೆ ತವರಿದೆ, ಸಾಹಿತ್ಯಕ್ಕೆ ತವರಿದೆ, ಕುಸ್ತಿಗೂ ತವರಿದೆ. ಸೂಟ್‌ಕೇಸು ಹಿಡಿದು, ಹಬ್ಬವಲ್ಲದ ಒಂದು ಮಂಗಳವಾರ ಬಾಗಿಲು ಬಡಿದ ಮಗಳಿಗೆ ಮಾತ್ರ ಅದು ಉಂಟೋ ಇಲ್ಲವೋ ಎಂಬುದು ಅಣ್ಣ ಅತ್ತಿಗೆಯರ ಮುಖ ನೋಡಿ ತಿಳಿಯಬೇಕು.

*

"ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ?" "ಪುಣೆಗೆ ಕೊಟ್ಟಿದ್ದೇವೆ." ಇಂಥ ಪ್ರಶ್ನೆ, ಇಂಥ ಉತ್ತರ ದಿನವೂ ಕಿವಿಗೆ ಬೀಳುತ್ತವೆ, ಯಾರೂ ಬೆಚ್ಚುವುದಿಲ್ಲ. ಹೆಣ್ಣನ್ನು ಕೊಡುತ್ತಾರೆ, ಹೆಣ್ಣನ್ನು ತರುತ್ತಾರೆ. ಕೊಟ್ಟದ್ದನ್ನು ವಾಪಸು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಿದೆ.

ಹಾಗೆಂದು ತವರು ಅವಳನ್ನು ಕರೆಯುವುದೇ ಇಲ್ಲ ಎಂದಲ್ಲ. ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿಗೆ ಅಣ್ಣ ಹೋಗಿ ಕರೆತರುತ್ತಾನೆ. ಉಂಡಿ, ಅಳ್ಳು, ಜೋಕಾಲಿ ಎಲ್ಲ ಉಂಟು. ಹಳೆಯ ಮೈಸೂರಿನ ಕಡೆ ಗೌರಿಹಬ್ಬಕ್ಕೆ ಬಾಗಿನ ಬರುತ್ತದೆ. ಚೊಚ್ಚಲ ಬಾಣಂತನ ತವರಿನದೇ. ಆದರೆ ಈ ಎಲ್ಲ ಬರುವಿಕೆಗೂ ಹಿಂದಿರುಗುವ ದಿನ ಮೊದಲೇ ಗೊತ್ತಾಗಿರುತ್ತದೆ. ಕಳಿಸುವುದಕ್ಕೆ ಶಾಸ್ತ್ರವಿದೆ: ಉಡಿ ತುಂಬಬೇಕು, ಮಡಿಲಕ್ಕಿ ಕಟ್ಟಬೇಕು, ಒಳ್ಳೆಯ ವಾರ ನೋಡಬೇಕು. ಉಳಿಸಿಕೊಳ್ಳುವುದಕ್ಕೆ ಯಾವ ಶಾಸ್ತ್ರವೂ ಇಲ್ಲ. ನಾಲ್ಕನೆಯ ದಿನ ಓಣಿಯವರು ಕೇಳುತ್ತಾರೆ, "ಯಾವಾಗ ಬಂದಿ? ಇನ್ನೂ ಎಷ್ಟು ದಿನ ಇರ್ತಿ?" ಒಂದು ತಿಂಗಳು ಕಳೆದರೆ ಪ್ರಶ್ನೆ ನಿಲ್ಲುತ್ತದೆ, ಪಿಸುಮಾತು ಶುರುವಾಗುತ್ತದೆ.

ಆಮೇಲೆ ಅವಳಿಗೊಂದು ಹೆಸರು ಬೀಳುತ್ತದೆ: ಗಂಡ ಬಿಟ್ಟವಳು. ಗಂಡನು ಬಿಟ್ಟವಳೋ, ಗಂಡನನ್ನು ಬಿಟ್ಟವಳೋ? ಈ ಪದಕ್ಕೆ ಎರಡೂ ಅರ್ಥ ಹೊಂದುತ್ತವೆ. ಯಾರು ಯಾರನ್ನು ಏಕೆ ಬಿಟ್ಟರು ಎಂದು ತಿಳಿಯುವ ಅಗತ್ಯ ಅದನ್ನು ಬಳಸುವವರಿಗೆ ಇಲ್ಲ. ಬಿಟ್ಟದ್ದು ಯಾರಾದರೂ ಆಗಲಿ, ಹೆಸರು ಅಂಟುವುದು ಅವಳಿಗೆ.

*

ಇದೆಲ್ಲ ಹಳೆಯ ಕಾಲದ ಕಥೆ, ಈಗ ಎಲ್ಲಿದೆ ಎನ್ನುವವರು 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಏರಿಕೆಯಲ್ಲಿ ಒಂದು ಭಾಗ ಬಾಯಿ ಬಿಟ್ಟು ಹೇಳುವ ಧೈರ್ಯ ಹೆಚ್ಚಿದ್ದರಿಂದ ಬಂದಿರಬಹುದು. ಹಾಗಿದ್ದರೂ ಇಡೀ ದೇಶದ ಪ್ರಮಾಣ ಶೇ 29ರ ಆಸುಪಾಸಿನಲ್ಲಿದ್ದಾಗ ಕರ್ನಾಟಕ ಎಲ್ಲ ರಾಜ್ಯಗಳಿಗಿಂತ ಮುಂದೆ ನಿಂತಿತ್ತು. ಸೌಮ್ಯ ಜನ ಎಂದು ಹೆಸರಾದ ನಾಡಿನ ಲೆಕ್ಕ ಇದು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ. ಹಾಗೆ ಕೇಳಿದವರೂ ಹೆಚ್ಚಾಗಿ ಹೋದದ್ದು ಪೊಲೀಸರ ಬಳಿಗಲ್ಲ, ವಕೀಲರ ಬಳಿಗಲ್ಲ. ತಮ್ಮ ತವರಿನವರ ಬಳಿಗೆ. ಅಂದರೆ ಈ ದೇಶದಲ್ಲಿ ಪೆಟ್ಟು ತಿಂದ ಹೆಣ್ಣಿಗೆ ಮೊದಲ ಠಾಣೆ, ಮೊದಲ ಆಸ್ಪತ್ರೆ, ಮೊದಲ ನ್ಯಾಯಾಲಯ ಎಲ್ಲವೂ ತವರೇ. ಅಲ್ಲಿ ಸಿಗುವ ತೀರ್ಪು "ಹೊಂದಿಕೊಂಡು ಹೋಗು" ಎಂದಾದರೆ ಅವಳು ಮೇಲ್ಮನವಿಗೆ ಎಲ್ಲಿಗೆ ಹೋಗಬೇಕು?

ಹೋಗಲು ಒಂದು ಜಾಗ ಇದ್ದರೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಪ್ರದೀಪ್ ಪಾಂಡಾ ಮತ್ತು ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಕೇರಳದ ತಿರುವನಂತಪುರ ಜಿಲ್ಲೆಯ ಸುಮಾರು 500 ಹೆಂಗಸರನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ. ತಮ್ಮ ಹೆಸರಲ್ಲಿ ಜಮೀನೂ ಇಲ್ಲದ, ಮನೆಯೂ ಇಲ್ಲದ ಹೆಂಗಸರಲ್ಲಿ ಶೇ 49ರಷ್ಟು ಮಂದಿ ಗಂಡನ ದೈಹಿಕ ಹಿಂಸೆಗೆ ಒಳಗಾಗಿದ್ದರು. ಜಮೀನು ಮಾತ್ರ ಇದ್ದವರಲ್ಲಿ ಅದು ಶೇ 18. ಮನೆ ಮಾತ್ರ ಇದ್ದವರಲ್ಲಿ ಶೇ 10. ಎರಡೂ ಇದ್ದವರಲ್ಲಿ ಶೇ 7. ಓದು, ಆದಾಯ ಮುಂತಾದ ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆಸ್ತಿಯ ಪ್ರಭಾವ ಉಳಿಯಿತು.

ನಲವತ್ತೊಂಬತ್ತರಿಂದ ಏಳಕ್ಕೆ ಇಳಿದ ಈ ಅಂತರವನ್ನು ಯಾವ ಸಹನೆಯೂ ತಂದುಕೊಡಲಿಲ್ಲ. ಮನೆಯಿದ್ದವರು ಹೆಚ್ಚು ತಾಳ್ಮೆಯವರೂ ಅಲ್ಲ, ಇಲ್ಲದವರು ಮುಂಗೋಪಿಗಳೂ ಅಲ್ಲ. ಅವಳು ಎದ್ದು ಹೋಗಬಲ್ಲಳು ಎಂಬುದು ಎದುರಿನವನಿಗೆ ಗೊತ್ತಿತ್ತು, ಅಷ್ಟೇ. ಎಷ್ಟೋ ಸಲ ಹೋಗುವ ಪ್ರಸಂಗವೇ ಬರುವುದಿಲ್ಲ. ಹೋಗಲು ಜಾಗವಿದೆ ಎಂಬುದೇ ಕೈಯನ್ನು ತಡೆಯುತ್ತದೆ.

*

ಚಿಕ್ಕ ಮಕ್ಕಳ ಬಗೆಗಿನ ತಿಳುವಳಿಕೆಯೂ ಇದೇ ದಾರಿಯಲ್ಲಿದೆ. ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿ ಅಮೆರಿಕದ ಬಾಲ್ಟಿಮೋರಿನಲ್ಲಿ ವರ್ಷದ ಕೂಸುಗಳನ್ನು ಹೊಸ ಕೋಣೆಯೊಂದಕ್ಕೆ ಕರೆಸಿ ನೋಡುತ್ತಿದ್ದರು. ತಾಯಿ ಕೋಣೆಯಲ್ಲಿದ್ದರೆ ಕೂಸು ಅಂಬೆಗಾಲಿಟ್ಟು ದೂರದ ಆಟಿಕೆಯವರೆಗೆ ಹೋಗುತ್ತದೆ, ಒಮ್ಮೆ ತಿರುಗಿ ನೋಡುತ್ತದೆ, ಮತ್ತೆ ಮುಂದೆ ಹೋಗುತ್ತದೆ. ತಾಯಿ ಎದ್ದು ಹೋದರೆ ಆಟ ನಿಲ್ಲುತ್ತದೆ. ಅವಳು ಬಂದು ಎತ್ತಿಕೊಂಡರೆ ಸ್ವಲ್ಪ ಹೊತ್ತಿಗೆ ಮತ್ತೆ ಆಟ. ತಿರುಗಿ ಬರಲು ಒಂದು ಮಡಿಲಿದೆ ಎಂದು ಗೊತ್ತಿರುವ ಮಗುವೇ ಹೆಚ್ಚು ದೂರ ಹೋಗುತ್ತದೆ. ಬೆನ್ನು ಬಿದ್ದವರನ್ನು ದೂಡಿದರೆ ಅವರು ಸ್ವತಂತ್ರರಾಗುತ್ತಾರೆ ಎಂಬ ಅನುಭವಿಗಳ ಲೆಕ್ಕ ಇಲ್ಲಿ ತಪ್ಪುತ್ತದೆ.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಕುಡಿತ, ಜಗಳಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಸಮರ್ಥರಾದ, ಪ್ರೀತಿಯುಳ್ಳ ವಯಸ್ಕರಾದರು. ಅವರಲ್ಲಿ ಕಂಡುಬಂದ ಮುಖ್ಯ ಸಂಗತಿ ಏನೆಂದರೆ ಅಪ್ಪ ಅಮ್ಮ ಅಲ್ಲದಿದ್ದರೆ ಅಜ್ಜಿಯೋ, ಚಿಕ್ಕಮ್ಮನೋ, ಒಬ್ಬರಾದರೂ ಕೈಬಿಡದ ಹಿರಿಯರು ಅವರಿಗಿದ್ದರು. "ಕಷ್ಟದಲ್ಲಿ ಬೆಳೆದದ್ದರಿಂದಲೇ ಗಟ್ಟಿಯಾದೆ" ಎನ್ನುವವರು ಆ ಕಷ್ಟದಲ್ಲಿ ತಮ್ಮ ತಟ್ಟೆಗೆ ಅನ್ನ ಹಾಕಿದವರ ಹೆಸರನ್ನು ಮರೆತು ಕಷ್ಟಕ್ಕೆ ಹಾರ ಹಾಕುತ್ತಿರುತ್ತಾರೆ. ಉಳಿದ ಎರಡು ಪಾಲಿನವರಿಗೂ ಕಷ್ಟ ಇತ್ತು. ಅವರನ್ನು ಭಾಷಣಕ್ಕೆ ಯಾರೂ ಕರೆಯುವುದಿಲ್ಲ.

*

ಸಹನೆಯ ಪಕ್ಷದವರು ಸಾಕ್ಷಿಗೆ ಕರೆಯುವ ಮೊದಲ ಹೆಸರು ನಂಜಮ್ಮ. ಎಸ್. ಎಲ್. ಭೈರಪ್ಪನವರ 'ಗೃಹಭಂಗ' 1970ರಲ್ಲಿ ಬಂದಾಗಿನಿಂದ ಅವಳು ಕನ್ನಡದ ಸಹನಾಮೂರ್ತಿ. ಕೈಲಾಗದ ಗಂಡ, ಬಾಯಿಬಡುಕಿ ಅತ್ತೆ, ಹಸಿದ ಮಕ್ಕಳು. ಎಲ್ಲವನ್ನೂ ಹೊತ್ತು ಸಾಗಿದಳು. ಅವಳನ್ನು ಮಾದರಿಯಾಗಿ ತೋರಿಸುವವರು ಎರಡು ವಿಷಯ ಮರೆಯುತ್ತಾರೆ. ಅವಳು ಮನೆ ನಡೆಸಿದ್ದು ಸಹಿಸಿಕೊಂಡು ಕೂತಲ್ಲ. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಎಲೆ ಹಚ್ಚಿ, ದುಡಿದು. ಅವಳನ್ನು ಉಳಿಸಿದ್ದು ಕೈಕಸುಬು ಮತ್ತು ಲೇಖನಿ. ಎರಡನೆಯದು, ಪ್ಲೇಗು ಬಂದು ಬೆಳೆದ ಇಬ್ಬರು ಮಕ್ಕಳನ್ನೂ ಕೊನೆಗೆ ಅವಳನ್ನೂ ಒಯ್ಯುತ್ತದೆ. ಸಹಿಸಿದ್ದಕ್ಕೆ ಯಾವ ಬಹುಮಾನವೂ ಇಲ್ಲ. ಕಾದಂಬರಿಯ ಹೆಸರೇ ಮನೆ ಮುರಿಯುವುದರ ಬಗ್ಗೆ ಇದೆ. ಅದನ್ನು ಓದಿ ಮುಗಿಸಿ ಮಗಳಿಗೆ "ನಂಜಮ್ಮನ ಹಾಗೆ ಇರು" ಎನ್ನುವವರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದಾರೆ.

ತ್ರಿವೇಣಿಯವರ 'ಶರಪಂಜರ' ಇನ್ನೂ ನೇರವಾಗಿ ಮಾತಾಡುತ್ತದೆ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಅದನ್ನು ಸಿನಿಮಾ ಮಾಡಿದ ಮೇಲೆ ಕಲ್ಪನಾ ಮುಖದ ಕಾವೇರಿ ಮನೆಮನೆಗೆ ಗೊತ್ತು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ. ಚೇತರಿಸಿಕೊಳ್ಳುವ ತನ್ನ ಪಾಲಿನ ಕೆಲಸವನ್ನು ಪೂರ್ತಿ ಮುಗಿಸಿ ಮನೆಗೆ ಬರುತ್ತಾಳೆ. ಅವಳು ಜೋರಾಗಿ ನಕ್ಕರೆ ಹುಚ್ಚು, ಸುಮ್ಮನೆ ಕೂತರೆ ಹುಚ್ಚು, ಸಿಟ್ಟಾದರಂತೂ ಹುಚ್ಚೇ. ಗಂಡ ದೂರವಾಗುತ್ತಾನೆ, ನೆರೆಹೊರೆ ಸಂಶಯದಿಂದ ನೋಡುತ್ತದೆ. ಗುಣವಾದವಳನ್ನು ಮನೆಯೇ ಮತ್ತೆ ಕಾಯಿಲೆಗೆ ತಳ್ಳುತ್ತದೆ. ಚೇತರಿಕೆ ಒಬ್ಬರ ಎದೆಗಾರಿಕೆಯಿಂದ ಮಾತ್ರ ಆಗುವಂಥದ್ದಾಗಿದ್ದರೆ ಕಾವೇರಿಗೆ ಆ ಗತಿ ಬರುತ್ತಿರಲಿಲ್ಲ.

*

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಸಂಸ್ಕೃತಿಯ ಹೆಸರಿನದು: ಗಂಡನ ಮನೆ ಬಿಟ್ಟು ಬರುವುದು ಈ ನೆಲದ ರೀತಿಯಲ್ಲ ಎಂಬುದು. ಯಾವ ನೆಲ? ಕರ್ನಾಟಕದ ಹಲವು ದುಡಿಯುವ ಸಮುದಾಯಗಳಲ್ಲಿ ಸಂಸಾರ ಮುರಿದವಳಿಗೆ, ಗಂಡ ಸತ್ತವಳಿಗೆ ಉಡಿಕೆ, ಕೂಡಿಕೆ ಎಂಬ ಹೆಸರಿನ ಮರುಮದುವೆ ನಡೆಯುತ್ತಿತ್ತು. ಅದಕ್ಕೆ ಮೊದಲ ಮದುವೆಯಷ್ಟು ಮರ್ಯಾದೆ ಇರಲಿಲ್ಲ, ಆದರೆ ದಾರಿ ಇತ್ತು. ಮೇಲ್ಜಾತಿಯವರ ರೀತಿಯನ್ನು ಅನುಕರಿಸಲು ಹೊರಟವರು ಮೊದಲು ಬಿಟ್ಟ ಪದ್ಧತಿಗಳಲ್ಲಿ ಇದೂ ಒಂದು, ಎಂ. ಎನ್. ಶ್ರೀನಿವಾಸ್ ಇಂಥ ಅನುಕರಣೆಯನ್ನೇ ಸಂಸ್ಕೃತೀಕರಣ ಎಂದು ಕರೆದರು. ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಹೆಣ್ಣು ಮದುವೆಯಾದರೂ ಹುಟ್ಟಿದ ಕುಟುಂಬದವಳೇ, ಅವಳ ಮಕ್ಕಳೂ ಆ ಕುಟುಂಬದವರೇ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿದ್ದದ್ದು ನಿಜ. ಆದರೂ ತಿರುಗಿ ಬಂದವಳು ಆ ಮನೆಗೆ ನೆಂಟಳಾಗಿ ಬರುತ್ತಿರಲಿಲ್ಲ. ಮುಂಬಯಿಯಲ್ಲಿ ಹೋಟೆಲು ಕಟ್ಟಿದ ಎಷ್ಟೋ ಕುಟುಂಬಗಳ ಅಜ್ಜಿಯರು ಇಂಥ ಮನೆಗಳವರು. "ನಮ್ಮಲ್ಲಿ ಹೀಗೆಲ್ಲ ಇಲ್ಲ" ಎನ್ನುವ ಮೊಮ್ಮಕ್ಕಳು ತಮ್ಮ ಅಜ್ಜಿಯ ಕಾಲವನ್ನು ವಿಚಾರಿಸಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಜೋರಿನದು: "ಬಾಗಿಲು ತೆರೆದಿಟ್ಟರೆ ಸಣ್ಣ ಮಾತಿಗೂ ಓಡಿ ಬರುತ್ತಾರೆ, ಸಂಸಾರ ಉಳಿಯುತ್ತದೆಯೆ?" ಬರುವುದಕ್ಕೆ ಬೇರೆ ಜಾಗವಿಲ್ಲ ಎಂಬ ಕಾರಣಕ್ಕಷ್ಟೇ ಉಳಿದುಕೊಂಡಿರುವ ಸಂಸಾರವನ್ನು ಉಳಿದಿದೆ ಎಂದು ಎಣಿಸುವುದು ಹೇಗೆ? ಎರಡು ದಿನ ತವರಿನಲ್ಲಿದ್ದು ನಿದ್ದೆ ಮಾಡಿ, ಅಮ್ಮನ ಕೈಯ ಸಾರು ಉಂಡು, ಯೋಚನೆ ಮಾಡಿ ತಾನಾಗಿ ಹಿಂದಿರುಗಿದವಳ ಸಂಸಾರಕ್ಕೂ, ದೂಡಿಸಿಕೊಂಡು ಹಿಂದಿರುಗಿದವಳ ಸಂಸಾರಕ್ಕೂ ಬಹಳ ವ್ಯತ್ಯಾಸವಿದೆ. ಬಾಗಿಲು ತೆರೆದಿದ್ದರೆ ಸಣ್ಣ ಮಾತು ಸಣ್ಣದಾಗಿರುವಾಗಲೇ ಬಾಯಿಗೆ ಬರುತ್ತದೆ. ಮುಚ್ಚಿದ್ದರೆ ಅದು ದೊಡ್ಡದಾದ ಮೇಲೆ ಪೊಲೀಸರ ಮೂಲಕ ತಿಳಿಯುತ್ತದೆ. ದೇಶದಲ್ಲಿ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾಗುತ್ತವೆ. ಅಂಥ ಸುದ್ದಿಗಳನ್ನು ಓದಿದರೆ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ: ಅವಳು ಮೊದಲೇ ತವರಿಗೆ ಹೇಳಿದ್ದಳು, ಬುದ್ಧಿ ಹೇಳಿ ಕಳಿಸಿದ್ದರು.

*

ಊರಿನಿಂದ ದೂರವಿರುವ ಕನ್ನಡಿಗರಿಗೆ ಈ ಮಾತು ಇನ್ನಷ್ಟು ತಾಗಬೇಕು. ವಿಜಯಪುರದಿಂದ ದೆಹಲಿಗೆ, ಶಿವಮೊಗ್ಗದಿಂದ ಹೈದರಾಬಾದಿಗೆ ಮದುವೆಯಾಗಿ ಹೋದವಳಿಗೆ ತವರು ರೈಲಿನಲ್ಲಿ ಒಂದೋ ಎರಡೋ ರಾತ್ರಿಯ ದೂರ. ಅಲ್ಲಿಯ ಭಾಷೆ ಬಾರದು, ಪಕ್ಕದ ಮನೆಯವರ ಪರಿಚಯವಿಲ್ಲ. ಕನ್ನಡದಲ್ಲಿ ಅಳಲು ಸಿಗುವ ಕಿವಿ ಫೋನಿನ ಆ ತುದಿಯಲ್ಲಿ ಮಾತ್ರ. ಅಲ್ಲಿಂದ ಗಾದೆಯೊಂದು ಕೇಳಿಬಂದರೆ ಅವಳಿಗೆ ಭಾಷೆಯೇ ಮುಗಿದಂತೆ. ರಾಜ್ಯೋತ್ಸವ, ಯಕ್ಷಗಾನ, ಸನ್ಮಾನಗಳನ್ನು ಅಚ್ಚುಕಟ್ಟಾಗಿ ನಡೆಸುವ ಹೊರನಾಡಿನ ಸಂಘಗಳು ಇಂಥವಳಿಗೆ ಒಂದು ವಾರ ಇರಲು ಕೋಣೆ, ಜೊತೆಗೆ ಬರಲು ಒಬ್ಬ ಹಿರಿಯರು, ಕನ್ನಡ ಬಲ್ಲ ಒಬ್ಬ ವಕೀಲರ ನಂಬರು ಇಟ್ಟುಕೊಂಡರೆ ಅದಕ್ಕಿಂತ ದೊಡ್ಡ ಕನ್ನಡ ಸೇವೆ ಇನ್ನೊಂದಿಲ್ಲ.

ಗಂಡುಮಕ್ಕಳೂ ಇದರ ಹೊರಗಿಲ್ಲ. ಅವರಿಗೆ ಮನೆ ಹೆಸರಿಗೆ ತಮ್ಮದೇ. ಆದರೆ ಕೆಲಸ ಕಳೆದುಕೊಂಡು ಪುಣೆಯ ಬಾಡಿಗೆ ಕೋಣೆಯಲ್ಲಿ ಕೂತು, ಊರಿಗೆ ಫೋನು ಮಾಡಿ "ಎಲ್ಲ ಆರಾಮ" ಎನ್ನುವ ಹುಡುಗರು ಎಷ್ಟಿಲ್ಲ? ಗೆದ್ದ ಮಗನಿಗೆ ಮಾತ್ರ ತೆರೆಯುವ ಬಾಗಿಲೂ ಮುಚ್ಚಿದ ಬಾಗಿಲೇ. ಅವನಿಗೆ ತವರೆಂಬ ಪದವೂ ಇಲ್ಲದ್ದರಿಂದ ಏನನ್ನು ಕಳೆದುಕೊಂಡೆ ಎಂದು ಹೇಳಲೂ ಬಾರದು.

*

ಬಾಗಿಲು ತೆರೆಯುವುದೆಂದರೆ ಬರೀ ಭಾವನೆಯ ಮಾತಲ್ಲ. ಅದಕ್ಕೆ ಕಾಗದಪತ್ರ ಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು, ದೇಶಕ್ಕಿಂತ 11 ವರ್ಷ ಮೊದಲು. ಆದರೆ ಅದಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಕಾಯಿದೆಯ ಒಳಗೂ ಕೂತಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದ ಬರುವಂಥದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು.

ಕಾಯಿದೆ ಬಂದ ಮೇಲೆ ಏನಾಯಿತು? ಉಪನೋಂದಣಿ ಕಚೇರಿಯಲ್ಲಿ ಅಕ್ಕತಂಗಿಯರು ಸಾಲಾಗಿ ನಿಂತು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ, ಒಂದಿಷ್ಟು ದುಡ್ಡು ಕೈಗೆ ಬರುತ್ತದೆ. ಏಕೆ ಸಹಿ ಹಾಕಿದಿರಿ ಎಂದರೆ ಉತ್ತರ ಒಂದೇ: "ಇಲ್ಲದಿದ್ದರೆ ತವರು ಕಡಿದುಹೋಗುತ್ತೆ." ಬಾಗಿಲು ತೆರೆದಿರಲಿ ಎಂಬ ಆಸೆಗೆ, ಬಾಗಿಲನ್ನು ತೆರೆದಿಡಬಲ್ಲ ಒಂದೇ ಒಂದು ಕಾಗದವನ್ನು ಅವಳು ಬರೆದುಕೊಡುತ್ತಾಳೆ. ಅಣ್ಣತಮ್ಮಂದಿರು ಅದನ್ನು ದೊಡ್ಡ ಮನಸ್ಸು ಎಂದು ಹೊಗಳುತ್ತಾರೆ.

ಆದ್ದರಿಂದ ಮಗಳು ಗಟ್ಟಿಯಾಗಲಿ ಎನ್ನುವ ಮನೆ ಮಾಡಬೇಕಾದ ಕೆಲಸಗಳು ಕೆಲವೇ. ಪಾಲನ್ನು ಅವಳ ಹೆಸರಿಗೆ ಮಾಡುವುದು, ಸಹಿ ಕೇಳದಿರುವುದು. ಅವಳು ಬಂದ ದಿನ "ಯಾವಾಗ ಹೋಗ್ತಿ" ಎಂದು ಕೇಳುವ ಬದಲು "ಊಟ ಆಯ್ತಾ" ಎಂದು ಕೇಳುವುದು. ಓಣಿಯವರ ಪ್ರಶ್ನೆಗೆ "ಇದು ಅವಳ ಮನೆ" ಎಂದು ಅಪ್ಪನೇ ಹೊರಗೆ ನಿಂತು ಉತ್ತರ ಕೊಡುವುದು. ಮತ್ತು ಕಳಿಸುವ ಶಾಸ್ತ್ರಕ್ಕೆ ಒಂದು ವಸ್ತು ಸೇರಿಸುವುದು: ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಖಣದ ಜೊತೆಗೆ ಆ ಮನೆಯ ಬೀಗದ ಕೈಯೂ ಇರಲಿ. ಅವಳು ಅದನ್ನು ಬಳಸದೆಯೇ ಇಡೀ ಬದುಕು ಕಳೆಯಬಹುದು. ಬೀಗದ ಕೈ ಅವಳ ಹತ್ತಿರ ಇದೆ ಎಂಬುದು ಅವಳಿಗೂ ಗೊತ್ತಿರಬೇಕು, ಆ ಮನೆಯವರಿಗೂ ಗೊತ್ತಿರಬೇಕು.